ಜೂನ್ ಒಂದರ ಗೆರೆ

ವರದಹಳ್ಳಿಯ ಸುತ್ತಮುತ್ತಣ ಹಿರಿಯರಲ್ಲಿ ಹಲವರಿಗೆ ಎರಡು ಜನ್ಮದಿನಗಳುಂಟು. ಒಂದು ಜಾತಕದ್ದು, ಪಂಚಾಂಗ ನೋಡಿ ಬರೆದದ್ದು. ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕದ್ದು, ಮೇಷ್ಟರ ಲೇಖನಿಯಿಂದ ಬಂದದ್ದು. ಹಳ್ಳಕ್ಕೆ ಹಾಕಿದ ಮರದ ಸಂಕವನ್ನು ಮಗು ತಾನೊಂದೇ ದಾಟುವಂತಾದರೆ ಶಾಲೆಗೆ ಹೋಗುವ ವಯಸ್ಸಾಯಿತೆಂದು ಮನೆಯವರ ಎಣಿಕೆ. ಸರಕಾರದ ಲೆಕ್ಕಕ್ಕೆ ಕೆಲವು ತಿಂಗಳು ಸಾಲದೆ ಬಂದರೆ ಮೇಷ್ಟರು ಅಷ್ಟನ್ನು ತುಂಬಿಕೊಡುತ್ತಿದ್ದರು. ಆ ಉಪಕಾರದ ಬೆಲೆಯನ್ನು ಅನೇಕರು ನೌಕರಿಯಿಂದ ಅಷ್ಟೇ ತಿಂಗಳು ಮೊದಲು ನಿವೃತ್ತರಾಗಿ ತೆತ್ತಿದ್ದಾರೆ.

ನಿಯಮವೊಂದು ಜನನದ ಗಳಿಗೆಯನ್ನೇ ಸರಿಸಬಲ್ಲುದೆಂಬುದಕ್ಕೆ ಹೊರನಾಡಿನ ನಿದರ್ಶನವಿದೆ. 2004ರ ಜುಲೈ 1ರಿಂದ ಹುಟ್ಟುವ ಪ್ರತಿ ಶಿಶುವಿಗೂ 3,000 ಡಾಲರ್ ಕೊಡುವುದಾಗಿ ಆಸ್ಟ್ರೇಲಿಯಾ ಸರಕಾರ ಸಾರಿತು. ಸಾವಿರಕ್ಕೂ ಹೆಚ್ಚು ಹೆರಿಗೆಗಳು ಆ ದಿನದ ಈಚೆಗೆ ಸರಿದವೆಂದು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಅಲ್ಲಿ ಹೆರಿಗೆ ಸರಿಯಿತು. ನಮ್ಮಲ್ಲಿ ಬರಹ ಸರಿದಿತ್ತು.

ಇನ್ನು ಬರಹವೂ ಸರಿಯದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಶಾಲಾಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವಿಗೇ ಒಂದನೆಯ ತರಗತಿ ಎಂದು ಕರ್ನಾಟಕ ಸರಕಾರ 2022ರಲ್ಲಿ ಆದೇಶಿಸಿತು. ಅದರ ಜಾರಿ 2025–26ನೆಯ ಸಾಲಿಗೆ ಮುಂದೆ ಹೋಯಿತು. ಆ ಸಾಲು ಹತ್ತಿರ ಬಂದಾಗ ಪಾಲಕರ ಒತ್ತಾಯಕ್ಕೆ ಮಣಿದು, ಅದೊಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ನಿಯಮ ಸಡಿಲವಾಯಿತು.

ಎಳೆಯ ಕೂಸನ್ನು ಅವಸರದಿಂದ ಪಾಠಕ್ಕೆ ಕೂರಿಸಬಾರದೆಂಬ ಆಶಯ ಸಾಧುವಾದದ್ದೇ. ಆದರೆ ಗೆರೆಯನ್ನು ಎಲ್ಲಿಯೇ ಎಳೆದರೂ ಅದರ ಎರಡು ಬದಿಗಳಲ್ಲಿ ಮಕ್ಕಳು ನಿಂತೇ ಇರುತ್ತಾರೆ. ಜೂನ್ 1ರಂದು ಹುಟ್ಟಿದ ಮಗು ತನ್ನ ತರಗತಿಯ ಅತಿ ಕಿರಿಯದು. ಮರುದಿನ ಹುಟ್ಟಿದ್ದು ವರ್ಷ ಕಾದು, ಮುಂದಿನ ತಂಡದ ಅತಿ ಹಿರಿಯದಾಗುತ್ತದೆ. ಹೀಗೆ ಒಂದೇ ತರಗತಿಯ ಮಕ್ಕಳ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಆರನೆಯ ವಯಸ್ಸಿನಲ್ಲಿ ಅದು ಬಾಳಿನ ಆರರಲ್ಲೊಂದು ಪಾಲು. ತರಗತಿಯ ಅತಿ ಕಿರಿಯರಿಗೆ ‘ಗಮನ ನಿಲ್ಲದ ಕಾಯಿಲೆ’ಯ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆಂದು ಕೆನಡಾ, ತೈವಾನ್‌ಗಳ ಅಧ್ಯಯನಗಳು ತೋರಿಸಿವೆ. ಎಳೆತನವನ್ನು ಕೊರತೆಯೆಂದು ಓದಿದ ತಪ್ಪು ಇದು.

ಆಡಳಿತಕ್ಕೆ ದಿನಾಂಕವೊಂದು ಬೇಕೇ ಬೇಕು. ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೆ: ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕಕ್ಕೆ ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳಿರಿ. ಹಿಂದುಳಿದಂತೆ ಕಾಣುವ ಮಗುವನ್ನು ಗದರಿಸುವ ಮೊದಲು ಅದನ್ನೊಮ್ಮೆ ನೋಡಿರಿ. ಸಂಕದ ಬಳಿ ಅಳುಕಿ ನಿಂತ ಕೂಸನ್ನು ನಮ್ಮ ಹಿರಿಯರು ದಡ್ಡನೆನ್ನಲಿಲ್ಲ. ಮುಂದಿನ ಮಳೆಗಾಲದವರೆಗೆ ಕೈಹಿಡಿದು ದಾಟಿಸುತ್ತಿದ್ದರು.