ಬೋನಿನೊಳಗಿನ ಮೂಕ ಜೀವಗಳು ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ, ವಿದ್ಯಾರ್ಥಿವೇತನ, ಉದ್ಯೋಗ ಇವೇ ನಮ್ಮ ಸಭೆಗಳಲ್ಲಿ ಕೇಳಿಬರುವ ವಿಷಯಗಳು. ಇಂದು ನಾನು ಬೀದಿನಾಯಿಗಳ ಬಗ್ಗೆ ಮಾತನಾಡುತ್ತೇನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆದರೆ ಈ ವಿಷಯ ನಮ್ಮ ಶಾಲೆಗಳ ಗೇಟಿನೊಳಗೇ ಬಂದು ನಿಂತಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ನೀಡಿತು. ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕು, ಹಿಡಿದ ಜಾಗಕ್ಕೇ ಮತ್ತೆ ತಂದು ಬಿಡಬಾರದು ಎಂದು ಅದು ಹೇಳಿತು. ಗಾಡಿ ಬಂದು ನಾಯಿಗಳನ್ನು ಒಯ್ದರೆ ನಮಗೆ ನಿರಾಳ. ಆದರೆ ಆ ಗಾಡಿ ಎಲ್ಲಿಗೆ ಹೋಯಿತು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ?

ಮಕ್ಕಳ ಸುರಕ್ಷತೆ ಸಣ್ಣ ಮಾತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಎರಡು ಎಳೆಯ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಆ ಹೆತ್ತವರ ದುಃಖದ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಶೇಕಡಾ 99ರಷ್ಟು ನಾಯಿಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ವಿದ್ಯಾರ್ಥಿಗಳೇ, ನಾಯಿ ಕಚ್ಚಿದರೆ ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡಬೇಡಿ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಆದರೆ 2007ರಲ್ಲಿ ಆ ಘಟನೆಗಳ ಬೆನ್ನಿಗೆ ನಡೆದ ನಾಯಿಗಳ ಸಾಮೂಹಿಕ ಹತ್ಯೆಯಿಂದ ಬೆಂಗಳೂರಿನ ಸಮಸ್ಯೆ ತೀರಿತೇ? ಇಲ್ಲ. ಕಸದ ರಾಶಿ ಇರುವವರೆಗೆ ಒಂದು ಬೀದಿಯ ನಾಯಿಗಳನ್ನು ಒಯ್ದರೆ ಪಕ್ಕದ ಬೀದಿಯವು ಆ ಜಾಗಕ್ಕೆ ಬರುತ್ತವೆ. ಅವುಗಳಿಗೆ ಲಸಿಕೆಯೂ ಆಗಿರುವುದಿಲ್ಲ, ಶಸ್ತ್ರಚಿಕಿತ್ಸೆಯೂ ಆಗಿರುವುದಿಲ್ಲ. ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸಿನ ಸರಪಳಿ ಕಡಿಯುತ್ತದೆ ಎಂಬುದು ತಜ್ಞರು ಒಪ್ಪಿದ ಲೆಕ್ಕ. ಬೆಂಗಳೂರಿನಲ್ಲಿ ಅಂದಿನ ಬಿಬಿಎಂಪಿ 2019ರಲ್ಲಿ ಎಣಿಸಿದಾಗ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಕೊಲ್ಲದೆಯೂ ಸಂಖ್ಯೆ ಇಳಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಈಗ ಬೋನಿನೊಳಗೆ ಏನಾಗುತ್ತದೆ ಎಂದು ಯೋಚಿಸಿ. ಹತ್ತು ನಾಯಿಗಳ ಜಾಗದಲ್ಲಿ ನಲವತ್ತನ್ನು ತುಂಬಿದರೆ ಬಲವಾದದ್ದು ತಿನ್ನುತ್ತದೆ, ಬಡಕಲಾದದ್ದು ಹಸಿದಿರುತ್ತದೆ. ಬೇರೆ ಬೇರೆ ಬೀದಿಯ ನಾಯಿಗಳು ಒಂದನ್ನೊಂದು ಕಚ್ಚಿ ಗಾಯಗೊಳ್ಳುತ್ತವೆ. ಪಾರ್ವೊ, ಡಿಸ್ಟೆಂಪರ್‌ನಂಥ ರೋಗಗಳು ಒಂದಕ್ಕೆ ಬಂದರೆ ಮರಿಗಳೆಲ್ಲ ಸಾಯುತ್ತವೆ. ಇದನ್ನು ಆಶ್ರಯ ಎಂದು ಹೇಗೆ ಕರೆಯುವುದು? ಬೀದಿಯಲ್ಲಿ ಕೊಲ್ಲುವ ಬದಲು ಗೋಡೆಯ ಹಿಂದೆ ಕೊಂದಂತಾಯಿತು ಅಷ್ಟೇ.

ಇತಿಹಾಸದಲ್ಲಿ ಇದಕ್ಕೊಂದು ಕಹಿ ಪಾಠವಿದೆ. 1910ರಲ್ಲಿ ಇಸ್ತಾಂಬುಲ್ ನಗರದ ಆಡಳಿತ ಹತ್ತಾರು ಸಾವಿರ ಬೀದಿನಾಯಿಗಳನ್ನು ಹಿಡಿಸಿ, ಮರ್ಮರಾ ಸಮುದ್ರದ ಸಿವ್ರಿಯಾದಾ ಎಂಬ ಬರಡು ದ್ವೀಪಕ್ಕೆ ಸಾಗಿಸಿತು. ಅಲ್ಲಿ ಆಹಾರವಿಲ್ಲ, ಕುಡಿಯುವ ನೀರಿಲ್ಲ. ಅವು ಹಸಿವು ಬಾಯಾರಿಕೆಯಿಂದ ನರಳಿ ಸತ್ತವು. ತಲೆಮಾರುಗಳಿಂದ ಆ ನಾಯಿಗಳಿಗೆ ರೊಟ್ಟಿ, ನೀರು ಇಡುತ್ತಿದ್ದ ಮುಸ್ಲಿಂ ಜನಸಾಮಾನ್ಯರು ಇದನ್ನು ಮರೆಯಲಿಲ್ಲ. ಅನಂತರ ಬಂದ ಭೂಕಂಪ, ಯುದ್ಧಗಳನ್ನು ಈ ಪಾಪದ ಫಲವೆಂದೇ ಹಲವರು ನಂಬಿದರು.

ನಮ್ಮಲ್ಲಿ ಕೆಲವರು, ನಾಯಿ ನಜೀಸ್ ಅಲ್ಲವೇ, ಅದರ ಚಿಂತೆ ನಮಗೇಕೆ ಎನ್ನುತ್ತಾರೆ. ನಾಯಿಯ ಜೊಲ್ಲು ತಾಗಿದ್ದನ್ನು ತೊಳೆಯುವ ವಿಧಿ ಶುಚಿತ್ವಕ್ಕೆ ಸಂಬಂಧಿಸಿದ್ದು, ಹಿಂಸೆಗೆ ಕೊಟ್ಟ ಪರವಾನಗಿಯಲ್ಲ. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟವು ಎಂದು ಪ್ರವಾದಿಯವರು (ಸ) ತಿಳಿಸಿದ್ದನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಪ್ರಸಂಗವನ್ನೂ ಕಲಿತಿದ್ದೇವೆ. ಅವಳ ತಪ್ಪು ಯಾವುದು? ಕೂಡಿಹಾಕಿದ ಮೇಲೆ ಹೊಣೆ ಹೊರದಿದ್ದುದು. ನಮ್ಮ ನಗರಗಳ ಬೋನುಗಳಿಗೆ ಈ ಮಾತು ಎಷ್ಟು ಚೆನ್ನಾಗಿ ಅನ್ವಯಿಸುತ್ತದೆ ನೋಡಿ.

ಕಾನೂನೂ ಇದನ್ನೇ ಹೇಳುತ್ತದೆ. ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದಿಂದ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅಲುಗಾಡಲು ಜಾಗವಿಲ್ಲದ ಬೋನಿನಲ್ಲಿ ಪ್ರಾಣಿಯನ್ನು ಇಡುವುದು ಆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ ಬರೀ 50 ರೂಪಾಯಿಯೊಳಗೆ! ಆದ್ದರಿಂದ ದಂಡದ ಭಯಕ್ಕಿಂತ ಸಾರ್ವಜನಿಕರ ಕಣ್ಗಾವಲೇ ದೊಡ್ಡದು. 2001ರ ನಿಯಮಗಳ ಬದಲಿಗೆ 2023ರಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಗಳನ್ನು ಹಿಂಸೆಯಿಲ್ಲದೆ ಹಿಡಿಯಬೇಕು, ಶಸ್ತ್ರಚಿಕಿತ್ಸೆಯ ನಂತರ ಆರೈಕೆ ಮಾಡಬೇಕು, ಲೆಕ್ಕ ಬರೆದಿಡಬೇಕು ಎಂದು ಸ್ಪಷ್ಟವಾಗಿ ಹೇಳಿವೆ.

ಹಾಗಾದರೆ ನಾವೇನು ಮಾಡಬಹುದು? ನಿಮ್ಮ ಶಾಲೆಯಿಂದ ನಾಯಿಗಳನ್ನು ಒಯ್ದರೆ ಎಷ್ಟು ಒಯ್ದರು, ಎಲ್ಲಿಗೆ ಒಯ್ದರು ಎಂದು ಬರೆದಿಟ್ಟುಕೊಳ್ಳಿ. ನಗರಸಭೆಗೆ, ಪಾಲಿಕೆಗೆ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಕೇಂದ್ರದಲ್ಲಿ ಎಷ್ಟು ನಾಯಿಗಳಿಗೆ ಜಾಗವಿದೆ, ಈಗ ಎಷ್ಟಿವೆ, ಪಶುವೈದ್ಯರು ಬರುತ್ತಾರೆಯೇ, ಕಾಯಿಲೆಯವನ್ನು ಬೇರೆ ಇಡುತ್ತಾರೆಯೇ, ತಿಂಗಳಿಗೆ ಎಷ್ಟು ಸಾಯುತ್ತವೆ ಎಂದು ಕೇಳಿ. ಐದಾರು ಮಂದಿ ಹಿರಿಯರ ಜೊತೆ ಅನುಮತಿ ಪಡೆದು ಹೋಗಿ ನೋಡಿ ಬನ್ನಿ. ಜಗಳ ಬೇಡ, ಕಂಡದ್ದನ್ನು ಬರೆದು ಕೊಡಿ. ಕಡಿಮೆ ಸಂಬಳಕ್ಕೆ ದುಡಿಯುವ ಅಲ್ಲಿನ ಕೆಲಸಗಾರರ ಕಷ್ಟವನ್ನೂ ಕೇಳಿ.

ಕೊನೆಯದಾಗಿ ಒಂದು ಮನೆಯ ಮಾತು. ಮದುವೆ ಹಾಲ್‌ಗಳ ಹಿಂದೆ ಎಸೆಯುವ ಬಿರಿಯಾನಿ, ಮಾಂಸದಂಗಡಿಗಳ ತ್ಯಾಜ್ಯ, ಕುರ್ಬಾನಿಯ ದಿನ ಚರಂಡಿಗೆ ಸೇರುವ ಕರುಳು ಇವೆಲ್ಲ ನಾಯಿಗಳ ಹಿಂಡನ್ನು ಬೆಳೆಸುತ್ತವೆ. ಹಿಂಡನ್ನು ಬೆಳೆಸುವವರು ನಾವೇ, ಆಮೇಲೆ ಗಾಡಿ ಕರೆಸುವವರೂ ನಾವೇ. ಮುಂದಿನ ಬಕ್ರೀದಿಗೆ ನಮ್ಮ ಸಂಘದ ಯುವಕರು ಪ್ರತಿ ಮೊಹಲ್ಲಾದಲ್ಲಿ ತ್ಯಾಜ್ಯ ಸಂಗ್ರಹದ ವ್ಯವಸ್ಥೆ ಮಾಡಿದರೆ, ಅದು ನಮ್ಮ ಮಕ್ಕಳಿಗೂ ಕ್ಷೇಮ, ಆ ಮೂಕ ಜೀವಗಳಿಗೂ ಕ್ಷೇಮ.

ಕರುಣೆ ತೋರುವವರಿಗೇ ಕರುಣೆ ಸಿಗುವುದು. ಅಂಥವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ.