ಎಳೆ ಎಣಿಸದೆ ಕಸೂತಿಯಿಲ್ಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಕೇಳುಗರು ಮತ್ತೆ ಮತ್ತೆ ಎತ್ತುವ ಆತಂಕವೊಂದಿದೆ: ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆಗಳು ಪರ್ಸು, ಮೊಬೈಲ್ ಚೀಲಗಳ ಮೇಲೆ ಬಂದರೆ ಕಸೂತಿ ಕೆಡುವುದಿಲ್ಲವೇ? ಕೆಡುವುದಿಲ್ಲ. ಕಸೂತಿ ಸೆರಗಿಗಷ್ಟೇ ಮೀಸಲಾಗಿರಲಿಲ್ಲ. ಕುಬಸದ ಮೇಲೆ, ಕೂಸುಗಳ ಕುಲಾವಿ, ಕುಂಚಿಗೆಗಳ ಮೇಲೆ ನಮ್ಮ ಹೆಣ್ಣುಮಕ್ಕಳು ಅದನ್ನು ಹಾಕುತ್ತಲೇ ಬಂದಿದ್ದಾರೆ. ಅದು ಕೆಡುವುದು ಎಳೆ ಎಣಿಸುವುದನ್ನು ಬಿಟ್ಟಾಗ. ಗಂಟಿ, ಮುರಗಿ, ನೇಗಿ, ಮೆಂತೆ, ಈ ನಾಲ್ಕೂ ಹೊಲಿಗೆಗಳು ನಿಂತಿರುವುದು ಎಣಿಕೆಯ ಮೇಲೆ. ನಾಲ್ಕು ಎಳೆಗೊಂದು ಹೊಲಿಗೆ ಹಾಕುತ್ತೀರಿ ಎನ್ನಿ. ಇಂಚಿಗೆ ನಲವತ್ತು ಎಳೆಯ ಬಟ್ಟೆಯಲ್ಲಿ ಇಂಚಿಗೆ ಹತ್ತು ಹೊಲಿಗೆ ಬರುತ್ತವೆ. ಅರವತ್ತು ಹೊಲಿಗೆ ಅಗಲದ ಗೋಪುರಕ್ಕೆ 6 ಇಂಚು ಬೇಕು. ಹಾಸಿನ ಎಳೆ ನಲವತ್ತಿದ್ದು ಹೊಕ್ಕಿನ ಎಳೆ ಮೂವತ್ತೇ ಇದ್ದರೆ? ಅರವತ್ತು ಹೊಲಿಗೆ ಎತ್ತರದ ಅದೇ ಗೋಪುರ 8 ಇಂಚಿಗೆ ಬೆಳೆದು ಸೊಟ್ಟ ಕಾಣುತ್ತದೆ. ಕೈಯ ತಪ್ಪಲ್ಲ, ಬಟ್ಟೆಯ ತಪ್ಪು. ಹಾಗಾಗಿ ಹಾಸು, ಹೊಕ್ಕು ಎರಡರಲ್ಲೂ ಇಂಚಿಗೆ ಎಷ್ಟು ಎಳೆ ಎಂದು ಎಣಿಸಿ, ಸಮ ಇದ್ದರೆ ಮಾತ್ರ ಸೂಜಿ ಎತ್ತಿಕೊಳ್ಳಿ. 3 ಇಂಚಿನ ಪರ್ಸಿಗೆ ಅದೇ ಗೋಪುರ ಬೇಕೆಂದರೆ ಆಕೃತಿಯನ್ನು ಮೊಟಕು ಮಾಡಬೇಡಿ. ಎರಡು ಎಳೆಗೊಂದು ಹೊಲಿಗೆ ಹಾಕಿ, ಇಲ್ಲವೇ ಇಂಚಿಗೆ ಎಂಬತ್ತು ಎಳೆಯ ನಯವಾದ ಬಟ್ಟೆ ಆರಿಸಿ.

ಎಳೆ ಕಣ್ಣಿಗೆ ಸಿಗದ ರೇಷ್ಮೆಯಲ್ಲಿ ಹೇಗೆ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಮೇಲೆ ಜಾಳಿಗೆ ಬಟ್ಟೆ ಕಚ್ಚಾ ಹೊಲಿದು, ಅದರ ಕಣ್ಣು ಎಣಿಸಿ ಕಸೂತಿ ಮುಗಿಸಿ, ಬಳಿಕ ಜಾಳಿಗೆಯ ದಾರಗಳನ್ನು ಎಳೆದು ತೆಗೆಯುವುದು ರೂಢಿಯಲ್ಲೇ ಇದೆ. ಕೈಕೆಲಸ ದುಬಾರಿ, ಅಚ್ಚು ಹಾಕಿದರೆ ಅಗ್ಗ ಎನ್ನುವವರ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸೀರೆ ತುಂಬ ಕಸೂತಿ ಹಾಕಲು ತಿಂಗಳುಗಳೇ ಬೇಕು, ಒಂದು ಚಿಕ್ಕ ಆಕೃತಿಗೆ ಅಷ್ಟು ಬೇಡ. ಸೀರೆಯ ಬೆಲೆ ಕೊಡಲಾಗದವರಿಗೂ ಕೈಕಸೂತಿ ಎಟಕುವುದು ಇಂಥ ಸಣ್ಣ ವಸ್ತುಗಳಲ್ಲೇ. ಅಚ್ಚಿನಲ್ಲಿ ಗೋಪುರದ ಚಿತ್ರ ಉಳಿಯುತ್ತದೆ, ಹಾಕಿದವಳಿಗೆ ಕೂಲಿ ಉಳಿಯುವುದಿಲ್ಲ. ತುಳಸಿಕಟ್ಟೆ, ನಂದಿಗಳನ್ನು ಚಪ್ಪಲಿಯ ಮೇಲೆ ಹಾಕಬೇಡಿ ಎನ್ನುವವರ ಮಾತು ಮಾತ್ರ ನ್ಯಾಯವಾದದ್ದು. ಅಲ್ಲಿಗೆ ಬರಿಯ ಮುರಗಿಯ ಅಂಕುಡೊಂಕು ಗೆರೆ ಸಾಕು.

ಇನ್ನು ಕುಬಸದ ಬಟ್ಟೆಯಾದ ಗುಳೇದಗುಡ್ಡದ ಖಣದಿಂದ ಚೀಲ ಹೊಲಿಯುವವರಿಗೆ ಒಂದು ಮಾತು. ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ, ಹಿಂಬದಿಯ ಸಡಿಲ ದಾರ ಕೀಲಿಕೈಗೆ ಸಿಕ್ಕಿ ಕಿತ್ತು ಬರುತ್ತದೆ. ಒಳಗೆ ಅಸ್ತರು ಕೊಡದೆ ಚೀಲ ಹೊಲಿಯಬೇಡಿ. ಕೊಳ್ಳುವವರು ಆಕೃತಿಯ ಮೇಲೆ ಬೆರಳಾಡಿಸಿ ನೋಡಿ. ಹೊಲಿಗೆ ತಾಕದಿದ್ದರೆ ಅದು ಬರೀ ಅಚ್ಚು, ಕಸೂತಿಯ ಬೆಲೆ ಕೊಡಬೇಡಿ.