ದನಗಳ ಗೊರಕೆ ಜಾಡ್ಯ



ಸಾಹಿತ್ಯದ ವಿಚಾರವಾಗಿ ಬಲ್ಲವರು ಈ ವೇದಿಕೆಯಿಂದ ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಕೊಟ್ಟಿಗೆಯ ವಿಷಯ. ಹೊಸೂರು ಸೀಮೆಯ ಕನ್ನಡ ಮನೆಗಳಲ್ಲಿ ಹಸು ಎತ್ತುಗಳನ್ನು ನಂಬಿ ಸಂಸಾರ ಸಾಗಿಸುವವರು ಇಂದಿಗೂ ಇರುವುದರಿಂದ, ಇದನ್ನು ಅಪ್ರಸ್ತುತವೆಂದು ತಾವು ಎಣಿಸಲಾರಿರಿ.

ರಕ್ತನಾಳದ ರೋಗವೆಂದೊಡನೆ ನಮ್ಮ ಮನಸ್ಸು ಹೃದಯದ ಕಡೆಗೆ ಹೋಗುತ್ತದೆ. ದನಗಳಲ್ಲಿ ಅಂಥದೊಂದು ರೋಗವು ಮೂಗಿನಲ್ಲಿ ನೆಲಸುತ್ತದೆ. ಉಸಿರಾಡುವಾಗ ಗೊರಗೊರ ಸದ್ದು, ಕೀವು ಬೆರೆತ ಸಿಂಬಳ, ಕೆಲವೊಮ್ಮೆ ರಕ್ತ. ಹೊಳ್ಳೆಯೊಳಗೆ ಹೂಕೋಸಿನಂತೆ ಎದ್ದ ಗಂಟುಗಳು. ಇದೇ ಗೊರಕೆ ಜಾಡ್ಯ.

ಇದಕ್ಕೆ ಕಾರಣವಾದ ಹುಳುವನ್ನು 1933ರಲ್ಲಿ ಎಂ. ಎ. ಎನ್. ರಾವ್ ಅವರು ವರ್ಣಿಸಿ, ಶಿಸ್ಟೊಸೋಮ ನೇಸೇಲ್ ಎಂದು ಹೆಸರಿಟ್ಟರು. ಮೂಗಿನ ಒಳಪೊರೆಯ ಅಭಿಧಮನಿಗಳೇ ಇದರ ಮನೆ. ಗಂಡಿನ ಮೈಯ ಮಡಿಕೆಯಲ್ಲಿ ಹೆಣ್ಣು ಸೇರಿಕೊಂಡು, ಎರಡೂ ಜೊತೆಯಾಗಿಯೇ ಬಾಳುತ್ತವೆ. ಅವುಗಳ ದಾಂಪತ್ಯಕ್ಕೆ ನಮ್ಮ ತಕರಾರಿಲ್ಲ, ಪೀಡೆಯೆಲ್ಲ ಮೊಟ್ಟೆಗಳದು. ಬಾಗಿದ ಆಕಾರದ ಆ ಮೊಟ್ಟೆಗಳು ಒಳಪೊರೆಯಲ್ಲಿ ಸಿಕ್ಕಿಕೊಂಡಾಗ, ದೇಹವು ಅವುಗಳ ಸುತ್ತ ಕೋಟೆ ಕಟ್ಟುತ್ತದೆ. ನಾವು ಕಾಣುವ ಗಂಟು ಆ ಕೋಟೆಯೇ. ಉಳಿದ ಮೊಟ್ಟೆಗಳು ಸಿಂಬಳದೊಡನೆ ಹೊರಬೀಳುತ್ತವೆ.

ದನವು ಕೆರೆಗಿಳಿದು ನೀರು ಕುಡಿಯುವಾಗ ಮೂಗು ನೀರನ್ನು ಮುಟ್ಟದೆ ಇರುವುದುಂಟೆ? ನೀರಿಗೆ ಬಿದ್ದ ಮೊಟ್ಟೆ ಒಡೆದು, ಹೊರಬಂದ ಮರಿಯು ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪಿನ ಒಂದು ಜಾತಿಯ ನೀರು ಬಸವನಹುಳುವನ್ನು ಹೊಗುತ್ತದೆ. ಅಲ್ಲಿ ಒಂದು ಹಲವಾಗಿ, ಕವಲು ಬಾಲದ ಮರಿಗಳಾಗಿ ಮತ್ತೆ ನೀರಿಗೆ ಬರುತ್ತವೆ. ಅದೇ ನೀರಿನಲ್ಲಿ ನಿಂತ ದನದ ಚರ್ಮವನ್ನು ಕೊರೆದು ರಕ್ತವನ್ನು ಸೇರುತ್ತವೆ. ಬಸವನಹುಳುಗಳಿಂದ ಹೊರಡುವ ಇಂಥ ಮರಿಗಳು ಮನುಷ್ಯರ ಕಾಲಿಗೂ ತಾಗಿ ತುರಿಕೆಯನ್ನುಂಟುಮಾಡುವುದುಂಟು. ಆದರೆ ದನಗಳ ಈ ಹುಳು ನಮ್ಮೊಳಗೆ ಬೆಳೆಯಲಾರದು.

ಎಮ್ಮೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅವಕ್ಕೂ ಸೋಂಕು ತಗಲುವುದಾದರೂ ಗೊರಕೆ ಅಷ್ಟಾಗಿ ಕೇಳಿಸದು. ಸದ್ದಿಲ್ಲದ ಎಮ್ಮೆಯೂ ಕೆರೆಗೆ ಮೊಟ್ಟೆಗಳನ್ನು ಸೇರಿಸುತ್ತಿರಬಹುದು.

ಗೊರಕೆಯ ಎತ್ತು ಬೇಗನೆ ದಣಿಯುತ್ತದೆ. ಸಂತೆಯಲ್ಲಿ ಅದರ ಉಸಿರನ್ನು ಕೇಳಿಯೇ ದಳ್ಳಾಳಿ ಬೆಲೆಯನ್ನು ಇಳಿಸುತ್ತಾನೆ. ಆದುದರಿಂದಲೇ ಅವಸರದಿಂದ ಕಡ್ಡಿಯಿಂದಲೋ ಕಂಬಿಯಿಂದಲೋ ಗಂಟನ್ನು ಕೆದಕುವ ಮನಸ್ಸಾಗುತ್ತದೆ. ಅದು ದಯವಿಟ್ಟು ಬೇಡ. ರಕ್ತ ಸುರಿಯುವುದಷ್ಟೆ; ಹುಳು ನಾಳದೊಳಗೆ ಕ್ಷೇಮವಾಗಿಯೇ ಇರುತ್ತದೆ. ಹಿಂದೆ ಇದಕ್ಕೆ ಆಂಟಿಮನಿ ಬೆರೆತ ಚುಚ್ಚುಮದ್ದುಗಳಿದ್ದವು. ಈಗ ಪ್ರಾಜಿಕ್ವಾಂಟೆಲ್ ಎಂಬ ಔಷಧವಿದೆ. ಎಷ್ಟು ಕೊಡಬೇಕು, ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಬಳಸಬಾರದು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಗುಣವಾದ ದನವನ್ನು ಮರುದಿನ ಅದೇ ಕೆರೆಗೆ ಇಳಿಸಿದರೆ ಔಷಧದ ಹಣ ನೀರುಪಾಲು. ಬಾವಿಯ ನೀರನ್ನು ಸೇದಿ ತೊಟ್ಟಿಯಲ್ಲಿ ಕುಡಿಸುವುದು ಹೆಂಗಸರಿಗೂ ಮಕ್ಕಳಿಗೂ ಹೆಚ್ಚಿನ ಕೆಲಸವೆಂಬುದನ್ನು ಬಲ್ಲೆವು; ಆ ಕೆಲಸಕ್ಕೆ ಗಂಡಸರೂ ಕೈಹಾಕಲಿ. ಬಾತುಕೋಳಿಗಳನ್ನು ಸಾಕಿದರೆ ಅವು ಬಸವನಹುಳುಗಳನ್ನು ತಿನ್ನುತ್ತವೆ.

ಇನ್ನೊಂದು ಮಾತು. ಆಸ್ಪತ್ರೆಗೆ ಸಗಣಿಯನ್ನು ಮಾತ್ರ ಒಯ್ದರೆ ಈ ರೋಗ ಪತ್ತೆಯಾಗದು, ಮೊಟ್ಟೆಗಳಿರುವುದು ಸಿಂಬಳದಲ್ಲಿ. ಅದನ್ನು ಶುದ್ಧವಾದ ಸೀಸೆಯಲ್ಲಿ ಹಾಕಿ ಅಂದೇ ಒಯ್ಯಿರಿ. ಅಲ್ಲಿ ಮಾತು ತಮಿಳಿನಲ್ಲಿ ನಡೆಯುವುದೆಂದು ನಮ್ಮ ಹಿರಿಯರು ಹಿಂಜರಿಯಬೇಕಾಗಿಲ್ಲ. ನಮ್ಮ ಗೊರಕೆ ತೆಲುಗಿನಲ್ಲಿ ಗುರಕ, ತಮಿಳಿನಲ್ಲಿ ಕುರಟ್ಟೈ. ಎತ್ತಿನ ಮೂಗನ್ನು ತೋರಿಸಿ ಯಾವ ಮಾತಿನಲ್ಲಿ ಹೇಳಿದರೂ ವೈದ್ಯರಿಗೆ ತಿಳಿಯುತ್ತದೆ.